ಒಂದು ದಿನದ ಗಾರೆ

ಫ್ಲಾರೆನ್ಸ್,
೧೫೬೮ರ ಏಪ್ರಿಲ್ ೬

ಮಗಳು ಮರಿಯೆತ್ತಾಳಿಗೆ,

ಮಠದ ಹೆಸರು ಹಿಡಿದು ಸೋದರಿ ಪೆರ್ಪೆತುವಾ ಎಂದು ಬರೆಯಬೇಕಂತೆ. ಆಯಿತು, ಬರೆದೆ ಎಂದುಕೋ.

ಕಳೆದ ತಿಂಗಳು ನಿಮ್ಮ ಮಠದ ಹಿರಿಯಮ್ಮ ನನಗೊಂದು ಪತ್ರ ಬರೆದಿದ್ದರು. ಊಟದ ಪಡಸಾಲೆಯ ದೊಡ್ಡ ಗೋಡೆ ಬೋಳಾಗಿದೆ, ಅಲ್ಲಿ ಸ್ವಾಮಿಯ ಕೊನೆಯ ಭೋಜನದ ಚಿತ್ರ ಬರೆಸಬೇಕು, ಫ್ಲಾರೆನ್ಸಿನ ಮೇಷ್ಟ್ರು ಜನೋಬಿಯವರೇ ಒಪ್ಪಿದರೆ ಮಠದ ಭಾಗ್ಯ ಎಂದು. ಓದಿದವನು ಈ ಮೊಣಕಾಲು ನೋವನ್ನೂ ಮರೆತು ಅಂಗಡಿಯಲ್ಲಿ ಎರಡು ಸುತ್ತು ಹಾಕಿದೆ. ಈ ಊರಿನಲ್ಲಿ ನನಗೊಬ್ಬರು ಗೋಡೆ ಕೊಟ್ಟು ಎಷ್ಟು ವರ್ಷವಾಯಿತು ಗೊತ್ತೇ? ಈಗ ಎಲ್ಲರಿಗೂ ಹೊಸ ಶೈಲಿ ಬೇಕು. ನಿನ್ನ ಮಾವನ ಮಗ ಚೆಕ್ಕೋ ನನ್ನ ಅಂಗಡಿಯಲ್ಲೇ ಕುಳಿತು ಸಂತರನ್ನು ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚುತ್ತಾನೆ. ಒಬ್ಬೊಬ್ಬರ ಕತ್ತೂ ಮೊಳದುದ್ದ. ಜನ ಬಾಯಿ ಬಿಟ್ಟುಕೊಂಡು ನೋಡುತ್ತಾರೆ. ಮೊನ್ನೆ ನನಗೇ ಹೇಳಿದ: "ಮಾವ, ನಿಮ್ ಸಂತರು ನೆಟ್ಟಗೆ ನಿಂತ್ಕೊಂಡುಬಿಡ್ತಾರೆ. ಅದಕ್ಕೇ ಯಾರೂ ನಿಂತು ನೋಡಲ್ಲ."

ನಿನ್ನೆ ಹಿರಿಯಮ್ಮನ ಎರಡನೆಯ ಪತ್ರ ಬಂತು. ಮಠದಲ್ಲೇ ಒಬ್ಬ ಸೋದರಿ ಆ ಕೆಲಸಕ್ಕೆ ಮುಂದೆ ಬಂದಿದ್ದಾಳೆ, ತಮಗೆ ತೊಂದರೆ ಕೊಡುವ ಅಗತ್ಯ ಬೀಳಲಾರದು ಎಂದು. ಯಾವ ಸೋದರಿ ಎಂದು ನಾನು ಕೇಳಬೇಕೇ?

ನಿನಗೆ ತಲೆ ಕೆಟ್ಟಿದೆಯೇ ಮಗಳೇ? ಗೋಡೆ ಎಂದರೆ ಪ್ರಾರ್ಥನೆ ಪುಸ್ತಕದ ಅಂಚಲ್ಲ. ನೀನು ಹಲಗೆಯ ಮೇಲೆ ಅಂಗೈಯಗಲದ ಮರಿಯಮ್ಮನನ್ನು ಬರೆದು, ಬೇಸರವಾದರೆ ಬದಿಗಿಟ್ಟು, ಪ್ರಾರ್ಥನೆ ಮುಗಿಸಿ ಬಂದು ಮತ್ತೆ ಮುಂದುವರಿಸುತ್ತೀಯ. ಗೋಡೆ ನಿನ್ನ ಪ್ರಾರ್ಥನೆಗೆ ಕಾಯುವುದಿಲ್ಲ. ಬೆಳಿಗ್ಗೆ ಹಸಿ ಗಾರೆ ಬಳಿಯಬೇಕು, ಅದು ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು, ಸಂಜೆಗೆ ಸುಣ್ಣ ಬಿಗಿದುಕೊಂಡಿತೋ, ತಪ್ಪನ್ನು ತಿದ್ದಲು ಸುತ್ತಿಗೆಯೇ ಗತಿ. ಇದನ್ನು ಕಲಿಯಲು ನನಗೆ ಹನ್ನೊಂದು ವರ್ಷ ಹಿಡಿಯಿತು. ನೀನು ಯಾರ ಬಳಿ ಕಲಿತೆ?

ಹಿರಿಯಮ್ಮನ ಕಾಲು ಹಿಡಿದು ಹಿಂದೆ ಸರಿ. ಆ ಗೋಡೆ ನನಗೆ ಬೇಕು. ಇದನ್ನು ಬೇರೆ ಯಾವ ಮಾತಿನಲ್ಲಿ ಹೇಳಬೇಕೋ ನನಗೆ ತಿಳಿಯದು.

ನಿನ್ನ ತಂದೆ,
ಜನೋಬಿ

ಈ ಪತ್ರವನ್ನು ಮಗಳಿಗಿಂತ ಮೊದಲು ಓದುತ್ತಿರುವ ಬಾಗಿಲ ಸೋದರಿ ಒರ್ಸೊಲಾ ಅವರಿಗೆ: ಓದಿ ಆಯಿತಲ್ಲ, ಈಗ ಕೊಟ್ಟುಬಿಡಿ.


ಪಿಸ್ತೋಯಾ,
ಏಪ್ರಿಲ್ ೨೨

ಅಪ್ಪನಿಗೆ,

ಹಿಂದೆ ಸರಿಯುವುದಿಲ್ಲ.

ನೀವು ಬಂದರೆ ಏನಾಗುತ್ತದೆ ಎಂದು ಯೋಚಿಸಿದ್ದೀರಾ? ಈಗಿನ ಹೊಸ ಕಟ್ಟಳೆಯ ಪ್ರಕಾರ ಗಂಡಸು ಒಳಗೆ ಕಾಲಿಟ್ಟರೆ ಅವನ ಮುಂದೆ ಒಬ್ಬಳು ಗಂಟೆ ಬಾರಿಸುತ್ತ ನಡೆಯಬೇಕು, ನಾವೆಲ್ಲ ಮುಸುಕು ಎಳೆದುಕೊಂಡು ಓಡಬೇಕು. ಚಿತ್ರಕಾರನಿಗಂತೂ ಬಿಷಪ್ಪರ ವಿಶೇಷ ಅಪ್ಪಣೆಯೇ ಬೇಕು. ನೀವು ಎಂಟು ತಿಂಗಳು ಮೆತ್ತಗೆ ಬರೆಯುವಷ್ಟು ಕಾಲ ನಲವತ್ತು ಮಂದಿ ಲಾಯದ ಪಕ್ಕದ ಓಣಿಯಲ್ಲಿ ನಿಂತು ಊಟ ಮಾಡಬೇಕು. ಹಿರಿಯಮ್ಮನಿಗೆ ಇದನ್ನೇ ಹೇಳಿದೆ. ಅವರು ಒಪ್ಪಿದ್ದು ನನ್ನ ಕೈಚಳಕ ನೋಡಿ ಅಲ್ಲ, ಓಣಿಯಲ್ಲಿ ಬೀಸುವ ಗಾಳಿ ನೆನೆದು.

ಯಾರ ಬಳಿ ಕಲಿತೆ ಎಂದು ಕೇಳಿದ್ದೀರಿ. ಯಾರ ಬಳಿಯೂ ಇಲ್ಲ. ಹದಿಮೂರು ವರ್ಷದವಳನ್ನು ಇಲ್ಲಿ ಬಿಟ್ಟು ಹೋಗುವಾಗ ನೀವೇ ಹೇಳಿದ್ದಿರಿ: "ಅಳಬೇಡ ಕಣೇ, ಒಳಗೆ ಬಣ್ಣ ಸಿಗತ್ತೆ." ಸಿಕ್ಕಿತು. ಅಂಗೈಯಗಲದ ಮರಿಯಮ್ಮ ಸಿಕ್ಕಿದಳು. ಹದಿನಾರು ವರ್ಷದಿಂದ ಅದೇ ಮರಿಯಮ್ಮ, ಅದೇ ನೀಲಿ ಸೆರಗು, ಅದೇ ಮಗು. ಪಿಸ್ತೋಯಾದ ಪ್ರತಿ ಬಾಣಂತಿಯ ಹಾಸಿಗೆಯ ಮೇಲೂ ನನ್ನ ಮರಿಯಮ್ಮ ಇದ್ದಾಳೆ. ನನಗೆ ಒಂದು ಗೋಡೆ ಬೇಕು. ನಿಮಗೆ ಬೇಕಾದಷ್ಟೇ ಬೇಕು. ನೀವು ಬರೆದ ಗೋಡೆಗಳು ಊರ ತುಂಬ ಇವೆ, ನಾನು ಒಂದನ್ನು ಕೇಳಿದೆ.

ಒಪ್ಪಂದ ಹೀಗಿದೆ. ನವೆಂಬರ್ ೧೧ಕ್ಕೆ, ಸಂತ ಮಾರ್ಟಿನನ ಹಬ್ಬದ ದಿನ, ಬಿಷಪ್ಪರ ಪ್ರತಿನಿಧಿ ತಪಾಸಣೆಗೆ ಬರುತ್ತಾರೆ. ಅಷ್ಟರೊಳಗೆ ನಾನು ಎಡಗಡೆಯ ತುದಿ ಮುಗಿಸಿರಬೇಕು: ಮೂವರು ಶಿಷ್ಯರು, ಮೇಜಿನ ಒಂದು ಕೊನೆ, ಅದರ ಮೇಲಿನ ಬಟ್ಟೆ, ಬ್ರೆಡ್ಡು, ಪಾತ್ರೆ. ಅವರು ತಲೆಯಾಡಿಸಿದರೆ ಉಳಿದ ಗೋಡೆ ನನ್ನದು. ಇಲ್ಲದಿದ್ದರೆ ಎಲ್ಲ ಕೆರೆದು ಹಾಕಿ ನಿಮ್ಮನ್ನು ಕರೆಸುತ್ತಾರೆ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡು ಸಹಾಯ ಮಾಡಿ.

ಕಳಿಸಬೇಕಾದದ್ದು: ಹಂದಿ ಕೂದಲಿನ ದೊಡ್ಡ ಕುಂಚಗಳು, ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು. ಸೀಸದ ಬಿಳಿ ಎರಡು ದೊಡ್ಡ ಪೊಟ್ಟಣ, ಇಲ್ಲಿನ ಔಷಧದ ಅಂಗಡಿಯವನು ಕಲಬೆರಕೆ ಮಾಡುತ್ತಾನೆ. ಗಂಡಸಿನ ಕಾಲಿನ ಅಚ್ಚು. ಗಂಡಸಿನ ಪಾದ ನೋಡಿ ಹದಿನಾರು ವರ್ಷವಾಯಿತು, ಪಾದ್ರಿಗಳ ಪಾದ ಬೂಟಿನೊಳಗೆ ಇರುತ್ತದೆ. ಆ ಮೂವರಲ್ಲಿ ಪೇತ್ರನ ಕರಡು ಇದರ ಜೊತೆ ಇದೆ, ನೋಡಿ ಹೇಳಿ.

ಸೋದರಿ ಪೆರ್ಪೆತುವಾ


ಫ್ಲಾರೆನ್ಸ್,
ಮೇ ೧೪

ಮರಿಯೆತ್ತಾ,

ನೋಡಿದೆ. ಇದು ಪೇತ್ರನಲ್ಲ, ಪೇತ್ರನ ಅತ್ತೆ. ಗಡ್ಡ ಅಂಟಿಸಿಕೊಂಡು ಕುಳಿತಿದ್ದಾಳೆ. ಭುಜ ಎಲ್ಲಿ? ಅವನು ಬಲೆ ಎಳೆದವನು, ನೂಲು ತೆಗೆದವನಲ್ಲ. ಹೆಬ್ಬೆರಳಂತೂ ದೇವರೇ ಗತಿ. ಚೆಕ್ಕೋಗೆ ತೋರಿಸಿದೆ, ನಗಾಡಿದ. ನಗಾಡಿದ್ದಕ್ಕೆ ಅವನ ತಲೆಗೆ ಒಂದು ಕೊಟ್ಟೆ. ಅವನ ಪೇತ್ರನಿಗೆ ಮೂಳೆಯೇ ಇಲ್ಲ, ನಿನ್ನ ಅತ್ತೆಗೆ ಮೂಳೆಯಾದರೂ ಇದೆ.

ನಿನಗೋಸ್ಕರ ಒಂಞಿಸಾಂತಿಯ ಮಠಕ್ಕೆ ಹೋಗಿ ಅಲ್ಲಿನ ಊಟದ ಮನೆಯ ಗೋಡೆ ನೋಡಿ ಬಂದೆ. ನೀನು ಅದನ್ನು ನೋಡಲಾರೆ, ಆದ್ದರಿಂದ ಹೇಳುತ್ತೇನೆ. ಮೇಜು ಉದ್ದಕ್ಕಿದೆ, ಎರಡೂ ತುದಿಯಲ್ಲಿ ಮುಂದಕ್ಕೆ ಬಾಗಿದೆ. ಶಿಷ್ಯರು ಒಬ್ಬರ ಪಕ್ಕ ಒಬ್ಬರು ಕುಳಿತಿದ್ದಾರೆ, ಯಾರೂ ಕುಣಿಯುತ್ತಿಲ್ಲ. ಹಿಂದೆ ತೋಟದ ಮರಗಳ ತುದಿ ಕಾಣುತ್ತದೆ, ಹಕ್ಕಿ ಹಾರುತ್ತಿವೆ. ಯೂದ ಒಬ್ಬನೇ ಮೇಜಿನ ಈಚೆಗೆ. ಬಟ್ಟೆಯ ಅಂಚಿನ ಕಸೂತಿ ಎಣಿಸಬಹುದು. ಬರೆದು ತೊಂಬತ್ತು ವರ್ಷವಾಗುತ್ತ ಬಂತು, ನಿನ್ನೆ ಒಗೆದು ಹಾಸಿದ ಹಾಗಿದೆ. ಹಸಿ ಗಾರೆಯ ಮೇಲೆ ಬರೆದದ್ದು ಹಾಗೆ ಉಳಿಯುತ್ತದೆ. ಮಿಲಾನಿನಲ್ಲಿ ಒಬ್ಬ ಮಹಾಶಯ ಇದೇ ಭೋಜನವನ್ನು ಒಣ ಗೋಡೆಯ ಮೇಲೆ ತನ್ನಿಷ್ಟದಂತೆ ನಿಧಾನವಾಗಿ ಬರೆದ, ಲೋಕವೇ ಹೊಗಳಿತು. ಈಗ ಅದು ಹಪ್ಪಳದ ಹಾಗೆ ಎದ್ದು ಉದುರುತ್ತಿದೆಯಂತೆ. ಬುದ್ಧಿವಂತರ ಕಥೆ ಅಷ್ಟು.

ಸುಣ್ಣ ಹಳೆಯದಾಗಿರಲಿ, ನೀರಿನಲ್ಲಿ ಕೊಳೆತಷ್ಟೂ ಒಳ್ಳೆಯದು. ಮರಳು ಹೊಳೆಯದು, ತೊಳೆದದ್ದು. ಮೇಲಿನಿಂದ ಕೆಳಕ್ಕೆ ಬಾ, ಇಲ್ಲದಿದ್ದರೆ ಬರೆದ ಮುಖಗಳ ಮೇಲೆ ಗಾರೆ ಸುರಿಯುತ್ತದೆ. ಗೋಡೆಯನ್ನು ಹಿಂದಿನ ದಿನವೇ ನೆನೆಸು. ಇಷ್ಟು ಹೇಳಿದ್ದೇ ಹೆಚ್ಚು.

ಕೇಳಿದ್ದೆಲ್ಲ ಪೆಟ್ಟಿಗೆಯಲ್ಲಿದೆ.

ಜನೋಬಿ


ಪಿಸ್ತೋಯಾ,
ಮೇ ೨೦

ಮಾನ್ಯ ಮೇಷ್ಟ್ರು ಜನೋಬಿಯವರಿಗೆ,

ತಾವು ಕಳಿಸಿದ ಪೆಟ್ಟಿಗೆಯನ್ನು ಬಾಗಿಲ ತಿರುಗುಗೂಡಿನಲ್ಲಿ ಇಟ್ಟು ಒಳಕ್ಕೆ ತಿರುಗಿಸಿದಾಗ ಮುಚ್ಚಳ ತೆರೆದುಕೊಂಡು ಮೊದಲು ಹೊರಗೆ ಬಂದದ್ದು ಗಂಡಸಿನ ಕಾಲು. ತೊಡೆಯವರೆಗೆ. ನನ್ನ ಜೊತೆ ಇದ್ದ ಎಳೆಯ ಸೋದರಿ ಕಿರುಚಿದ ಕಿರುಚಿಗೆ ಹಿರಿಯಮ್ಮ ಪೂಜೆ ಬಿಟ್ಟು ಓಡಿ ಬಂದರು. ಅದು ಪ್ಲಾಸ್ಟರಿನ ಅಚ್ಚು ಎಂದು ಅವರಿಗೆ ತಿಳಿಸುವಷ್ಟರಲ್ಲಿ ನನ್ನ ಗಂಟಲು ಒಣಗಿತು. ಈಗ ಆ ಕಾಲಿಗೆ ಒಂದು ಕಾಲುಚೀಲ ಹೊಲಿಸಲಾಗಿದೆ. ಮೊಣಕಾಲಿನ ಕೆಳಗೆ ನೋಡಲು ಮಾತ್ರ ಸೋದರಿ ಪೆರ್ಪೆತುವಾಳಿಗೆ ಅಪ್ಪಣೆಯಿದೆ. ಬಟ್ಟೆಯಿಲ್ಲದ ಗಂಡಸರ ನಾಲ್ಕು ಚಿತ್ರಗಳನ್ನು ಹಿಂದಕ್ಕೆ ಕಳಿಸುತ್ತಿದ್ದೇನೆ.

ನಾನು ತಮ್ಮ ಪತ್ರಗಳನ್ನು ಖುಷಿಗಾಗಿ ಓದುವುದಿಲ್ಲ. ಅದು ನನಗೆ ವಹಿಸಿದ ಕೆಲಸ. ತಮ್ಮ ಅಕ್ಷರ ಇನ್ನಷ್ಟು ಸ್ಪಷ್ಟವಾಗಿದ್ದರೆ ಬೇಗ ಮುಗಿಯುತ್ತದೆ.

ಬಾಗಿಲ ಸೋದರಿ ಒರ್ಸೊಲಾ


ಪಿಸ್ತೋಯಾ,
ಜುಲೈ ೧೯

ಅಪ್ಪನಿಗೆ,

ಬರೆಯಲು ಪುರುಸೊತ್ತಿರಲಿಲ್ಲ, ಬರೆದಿದ್ದರೆ ಬೈಗುಳವೇ ಬರೆಯುತ್ತಿದ್ದೆ.

ಗಾರೆ ಬಳಿಯಲು ನಮಗೆ ಸಿಕ್ಕಿದ್ದು ಅಡುಗೆಮನೆಯ ಸೋದರಿ ತೆಕ್ಲಾ. ದಿನಾ ನಲವತ್ತು ಮಂದಿಗೆ ಹಿಟ್ಟು ನಾದುವವಳು, ತೋಳು ನೋಡಿದರೆ ನಿಮಗೇ ಭಯವಾಗುತ್ತದೆ. "ಹಿಟ್ಟಾದರೇನು, ಸುಣ್ಣ ಆದರೇನು, ನನ್ ಕೈಗೆ ಎಲ್ಲಾ ಒಂದೇ" ಎಂದಳು. ಮೊದಲ ದಿನ ಅವಳು ಬಳಿದದ್ದು ಮಧ್ಯಾಹ್ನಕ್ಕೆ ಬಿರುಕು ಬಿಟ್ಟಿತು. ಎರಡನೆಯದು ಜಾರಿ ನನ್ನ ಕಾಲ ಮೇಲೆ ಬಿತ್ತು. ಮೂರನೆಯ ಸಲ ನಿಂತಿತು, ಆದರೆ ಎಷ್ಟು ಅಗಲ ಬಳಿಯಬೇಕೆಂದು ನನಗೇ ಗೊತ್ತಿರಲಿಲ್ಲ. ಆಸೆಪಟ್ಟು ಇಬ್ಬರು ಶಿಷ್ಯರಿಗಾಗುವಷ್ಟು ಬಳಿಸಿದೆ. ಸಂಜೆ ಒಬ್ಬನ ಮೂಗು ಮುಗಿಯುವಷ್ಟರಲ್ಲಿ ಉಳಿದದ್ದು ಕಲ್ಲಾಯಿತು. ಸುತ್ತಿಗೆ ತೆಗೆದುಕೊಂಡೆ. ಈಗ ಒಂದು ದಿನಕ್ಕೆ ಒಂದು ತಲೆ, ಇಲ್ಲವೇ ಎರಡು ಕೈ. ನಿಮ್ಮ ದಿನದ ಗಾರೆ ಎಷ್ಟು ಅಗಲ ಇರುತ್ತಿತ್ತು? ಒಂದು ಮಾತು ಹೇಳಬಾರದಿತ್ತೇ?

ರೂಪದರ್ಶಿಗಳ ಗೋಳು ಬೇರೆ. ತೆಕ್ಲಾಳಿಗೇ ಆಡಿನ ಕೂದಲಿನ ಗಡ್ಡ ಕಟ್ಟಿ ಪೇತ್ರನಾಗಿ ಕೂರಿಸಿದೆ, ಭುಜವಂತೂ ಈಗ ಸರಿಯಾಗಿದೆ. ಅಷ್ಟಕ್ಕೆ ಎಲ್ಲರಿಗೂ ಶಿಷ್ಯರಾಗುವ ಆಸೆ. ಯೋಹಾನ ಆಗಲು ಜಗಳವಾಡಿ ಇಬ್ಬರು ಮಾತು ಬಿಟ್ಟಿದ್ದಾರೆ. ಯೂದ ಆಗಲು ಮಾತ್ರ ಯಾರೂ ಒಪ್ಪುವುದಿಲ್ಲ. ಪುಣ್ಯಕ್ಕೆ ಅವನು ಈ ತುದಿಯಲ್ಲಿಲ್ಲ.

ಆದರೆ ಅಪ್ಪ, ಹಸಿ ಗೋಡೆ ಬಣ್ಣ ಕುಡಿಯುವುದನ್ನು ನೋಡಿದೆ! ಕುಂಚ ತಾಗಿಸಿದರೆ ಸಾಕು, ಒಳಕ್ಕೆ ಎಳೆದುಕೊಳ್ಳುತ್ತದೆ. ಹಲಗೆ ಯಾವತ್ತೂ ಹೀಗೆ ಮಾಡಿರಲಿಲ್ಲ. ನೀವು ಯಾಕೆ ರಾತ್ರಿ ಊಟಕ್ಕೆ ಬರುವುದನ್ನೂ ಮರೆಯುತ್ತಿದ್ದಿರಿ ಎಂದು ಈಗ ತಿಳಿಯಿತು. ಚಿಕ್ಕವಳಿದ್ದಾಗ ನನ್ನನ್ನು ಭುಜದ ಮೇಲೆ ಕೂರಿಸಿಕೊಂಡು ಕಾರ್ಮಿನೆ ಚರ್ಚಿನಲ್ಲಿ ಆದಾಮ ಹವ್ವೆ ತೋಟ ಬಿಟ್ಟು ಅಳುತ್ತ ಹೋಗುವ ಚಿತ್ರ ತೋರಿಸಿದ್ದಿರಿ. ಹವ್ವೆಯ ಬಾಯಿ ನೋಡಿ ನಾನೂ ಅತ್ತಿದ್ದೆ. ಆ ಒಂದು ಬಾಯಿಯನ್ನು ನೆನಪಿಟ್ಟುಕೊಂಡೇ ನಾನು ಇಲ್ಲಿ ಎಲ್ಲ ಬಾಯಿಗಳನ್ನೂ ಬರೆಯುತ್ತಿದ್ದೇನೆ. ಬೇರೆ ಏನು ನೋಡಿದ್ದೇನೆ ನಾನು?

ನಿನ್ನೆ ಮೇಜುಬಟ್ಟೆ ಮುಗಿಯಿತು. ನಿಮ್ಮ ಸೀಸದ ಬಿಳಿ ಬಹಳ ಚೆನ್ನಾಗಿದೆ, ಧಾರಾಳವಾಗಿ ಬಳಸಿದೆ. ಮಡಿಕೆಗಳು ಬಿಸಿಲಿಗೆ ಹಾಕಿದ ಹಾಗೆ ಬೆಳಗುತ್ತಿವೆ. ಸೋದರಿಯರು ಸಾಲಾಗಿ ಬಂದು ನೋಡಿ, ನಮ್ಮದೇ ಬಟ್ಟೆ, ನಮ್ಮದೇ ಕಸೂತಿ ಎಂದು ಮುಟ್ಟಲು ಹೋದರು. ಬಟ್ಟೆಯ ಮೇಲಿನ ಬ್ರೆಡ್ಡುಗಳು ತನ್ನವೇ ಎಂದು ತೆಕ್ಲಾ ಎಲ್ಲರಿಗೂ ತೋರಿಸುತ್ತಿದ್ದಾಳೆ.

ನೀವು ನೋಡಲಾರಿರಿ, ಗೊತ್ತು. ಆದರೂ ಚೆನ್ನಾಗಿರಬಹುದು ಎಂದು ಒಂದು ಸಲ, ಒಂದೇ ಸಲ ಬರೆಯಿರಿ.

ಮಗಳು


ಫ್ಲಾರೆನ್ಸ್,
ಆಗಸ್ಟ್ ೩

ಮರಿಯೆತ್ತಾ,

ಪತ್ರ ತಲುಪಿತು. ಇಲ್ಲಿ ವಿಪರೀತ ಸೆಕೆ. ಮೊಣಕಾಲು ಹಾಗೇ ಇದೆ. ನೋಡದ ಗೋಡೆಯ ಬಗ್ಗೆ ನಾನೇನು ಹೇಳಲಿ.

ಜನೋಬಿ


ಪಿಸ್ತೋಯಾ,
ಸೆಪ್ಟೆಂಬರ್ ೨೬

ಅಪ್ಪನಿಗೆ,

ಎರಡು ಪತ್ರ ಬರೆದೆ, ಉತ್ತರವಿಲ್ಲ. ಚೆಕ್ಕೋನನ್ನು ವಿಚಾರಿಸಿದರೆ ನೀವು ಗುಂಡುಕಲ್ಲಿನ ಹಾಗೆ ಇದ್ದೀರಂತೆ. ಸಂತೋಷ.

ಗೋಡೆಯ ಮೇಜುಬಟ್ಟೆಯ ಮೇಲೆ ಕಂದು ಕಲೆ ಬೀಳುತ್ತಿದೆ. ಅಡುಗೆಮನೆಯ ಹೊಗೆ ಇರಬಹುದು ಎಂದು ಬ್ರೆಡ್ಡಿನ ತುಣುಕಿನಿಂದ ಉಜ್ಜಿದೆ, ಹೋಗಲಿಲ್ಲ. ನಿಮಗೆ ಹೀಗೆ ಎಂದಾದರೂ ಆಗಿತ್ತೇ? ಬೈದಾದರೂ ಬರೆಯಿರಿ.

ಸೋದರಿ ಪೆರ್ಪೆತುವಾ


ಪಿಸ್ತೋಯಾ,
ಅಕ್ಟೋಬರ್ ೨೦

ಮೇಷ್ಟ್ರು ಜನೋಬಿಯವರಿಗೆ,

ಬಟ್ಟೆ ಕಪ್ಪಾಗಿದೆ. ಕಂದು ಅಲ್ಲ, ಕಪ್ಪು. ಸ್ವಾಮಿಯ ಭೋಜನಕ್ಕೆ ಇದ್ದಿಲು ಮೂಟೆಯ ಗೋಣಿ ಹಾಸಿದ ಹಾಗೆ.

ಇಲ್ಲಿ ಏನೇನಾಗುತ್ತಿದೆ ಕೇಳಿ. ಮುದಿ ಸೋದರಿಯೊಬ್ಬರು ಆ ಗೋಡೆಗೆ ಬೆನ್ನು ಹಾಕಿ ಊಟ ಮಾಡುತ್ತಾರೆ. ಇನ್ನೊಬ್ಬರು ತೀರ್ಥ ಚಿಮುಕಿಸಿದರು. ಯೋಹಾನ ಆಗಲಾಗದವಳು ಇದು ಅಹಂಕಾರಕ್ಕೆ ಬಿದ್ದ ಶಿಕ್ಷೆ ಎಂದು ನನ್ನ ಮುಖ ನೋಡಿಕೊಂಡೇ ಹೇಳಿದಳು. ತೆಕ್ಲಾ ಬಕೆಟ್ಟು ತಂದು ಇಡೀ ಬೆಳಿಗ್ಗೆ ತಿಕ್ಕಿ, "ಇದು ಸುಟ್ಟ ಬಾಣಲೆಗಿಂತ ಕಷ್ಟ ಕಣಮ್ಮ" ಎಂದು ಅತ್ತಳು. ಹಿರಿಯಮ್ಮ ನೀವು ಒಪ್ಪಿ ಬರೆದಿದ್ದ ಹಳೆಯ ಪತ್ರವನ್ನು ತೆಗೆದು ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ.

ನಾನು ಪ್ರಾರ್ಥನೆ ಮಾಡಲಿಲ್ಲ, ನೋಡಿದೆ. ಏಣಿ ಹತ್ತಿ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದೆ. ಪೇತ್ರನ ಕಣ್ಣಿನ ಬಿಳಿ ಬೆಳ್ಳಗೇ ಇದೆ. ಬ್ರೆಡ್ಡಿನ ಮೇಲಿನ ಹಿಟ್ಟಿನ ಪುಡಿ ಬೆಳ್ಳಗೇ ಇದೆ. ಆ ದಿನಗಳಲ್ಲಿ ನಾನು ಪೊಟ್ಟಣ ಬಿಚ್ಚಿರಲಿಲ್ಲ, ತೆಕ್ಲಾಳ ಬುಟ್ಟಿಯಿಂದ ಒಂದು ಚಿಟಿಕೆ ಸುಣ್ಣವನ್ನೇ ತೆಗೆದು ಹಚ್ಚಿದ್ದೆ. ಸುಣ್ಣ ಹಚ್ಚಿದ್ದೆಲ್ಲ ಬಿಳಿ, ಸೀಸ ಹಚ್ಚಿದ್ದೆಲ್ಲ ಕಪ್ಪು. ಹಲಗೆಯ ಮೇಲೆ ಎಣ್ಣೆಯಲ್ಲಿ ಕಲಸಿದ ಸೀಸದ ಬಿಳಿ ಹದಿನಾರು ವರ್ಷದಲ್ಲಿ ಒಮ್ಮೆಯೂ ನನಗೆ ಮೋಸ ಮಾಡಿಲ್ಲ. ಸುಣ್ಣದ ಗೋಡೆ ಅದನ್ನು ಸಹಿಸುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಹಲಗೆಯವಳಿಗೆ ಹೇಗೆ ಗೊತ್ತಿರಬೇಕು?

ನಿಮಗೆ ಗೊತ್ತಿತ್ತು.

ಏಪ್ರಿಲಿನಲ್ಲಿ ಗೋಡೆಗೆ ಬೇಕೆಂದು ನಾನು ಬರೆದ ಸಾಮಾನಿನ ಪಟ್ಟಿಯಲ್ಲಿ ಅದು ಇತ್ತು. ನೀವು ಓದಿದಿರಿ. ಸುಣ್ಣ, ಮರಳು, ನೀರು, ಮಿಲಾನಿನ ಬುದ್ಧಿವಂತ ಎಲ್ಲರ ಬಗ್ಗೆ ಎರಡು ಪುಟ ಬರೆದು, ಆ ಎರಡು ಪೊಟ್ಟಣವನ್ನು ಕಟ್ಟಿ, ಬಾಯಿ ಹೊಲಿದುಕೊಂಡು ಕಳಿಸಿದಿರಿ. ಜುಲೈಯಲ್ಲಿ ಧಾರಾಳವಾಗಿ ಬಳಸಿದೆ ಎಂದು ಬರೆದೆ. ಸೆಕೆ ಎಂದು ಉತ್ತರ ಬರೆದಿರಿ.

ಅಪ್ಪ, ಒಂದು ಸಾಲು. ಒಂದೇ ಸಾಲು ಸಾಕಿತ್ತು.

ಸೋದರಿ ಪೆರ್ಪೆತುವಾ


ಫ್ಲಾರೆನ್ಸ್,
ಅಕ್ಟೋಬರ್ ೨೪

ಮರಿಯೆತ್ತಾ,

ಗೊತ್ತಿತ್ತು. ಗೋಡೆ ಕೆಲಸಕ್ಕೆ ಸೇರಿದ ಯಾವ ಹುಡುಗನಿಗಾದರೂ ಮೊದಲ ವಾರವೇ ಕಪಾಳಕ್ಕೆ ಬಾರಿಸಿ ಕಲಿಸುವ ಪಾಠ ಅದು. ಪೊಟ್ಟಣ ಕಟ್ಟುವಾಗ, ಇವಳು ಹಲಗೆಗೂ ಬಳಸಬಹುದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು ಎಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು. ನೀನು ಸೋಲಬೇಕಿತ್ತು, ಗೋಡೆ ನನಗೆ ಬರಬೇಕಿತ್ತು. ನಿನ್ನ ಜುಲೈ ಪತ್ರ ಬಂದ ಮೇಲೆ ಏಳು ಸಲ ಕಾಗದ ತೆಗೆದೆ. ಬರೆಯಲಿಲ್ಲ. ಚೆಕ್ಕೋನನ್ನು ಬೈದೆ, ಅಂಗಡಿ ಗುಡಿಸುವವಳನ್ನು ಬೈದೆ, ಬೆಕ್ಕನ್ನು ಬೈದೆ.

ಕ್ಷಮೆ ಕೇಳಿ ನಿನ್ನ ಸಮಯ ಹಾಳು ಮಾಡುವುದಿಲ್ಲ, ನಿನಗೆ ಸಮಯವಿಲ್ಲ. ಕೇಳು. ತಿಕ್ಕಬೇಡ, ಮೇಲೆ ಬಳಿಯಬೇಡ. ಇಡೀ ಬಟ್ಟೆಯನ್ನು ಸುತ್ತಿಗೆಯಿಂದ ಕೆಳಗಿನ ಒರಟು ಪದರದವರೆಗೆ ಒಡೆದು ತೆಗೆ. ಮುಖಗಳಿಗೆ ತಾಗಿಸಬೇಡ. ಬಿಳಿಗೆ ಸುಣ್ಣವನ್ನೇ ಬಳಸು, ಒಣಗಿಸಿ, ಅರೆದು, ಮತ್ತೆ ನೆನೆಸಿ. ಹಸಿಯಿದ್ದಾಗ ಕಾಣುವುದೇ ಇಲ್ಲ, ಹೆದರಬೇಡ, ಒಣಗಿದ ಮೇಲೆ ಬೆಳಗುತ್ತದೆ. ಹೊಸ ಗಾರೆ ಹಳೆಯ ಚಿತ್ರದ ಅಂಚಿಗೆ ಕೂದಲೆಳೆಯಷ್ಟೂ ಮೆತ್ತದ ಹಾಗೆ ಕೂರಬೇಕು. ಈ ಚಳಿಗೆ, ಈ ಅವಸರಕ್ಕೆ ಅದು ನಿನ್ನ ಹಿಟ್ಟು ನಾದುವವಳ ಕೈಯಲ್ಲಿ ಆಗುವುದಿಲ್ಲ. ಪಿಸ್ತೋಯಾದಲ್ಲಿ ಒಬ್ಬ ಒಳ್ಳೆಯ ಗಾರೆಯವನನ್ನು ಹಿಡಿಯಿರಿ.

ಹಿರಿಯಮ್ಮನಿಗೆ ಇಂದೇ ಬೇರೆ ಪತ್ರ ಬರೆದಿದ್ದೇನೆ, ಆ ಗೋಡೆ ನನಗೆ ಬೇಡ ಎಂದು.

ಜನೋಬಿ


ಪಿಸ್ತೋಯಾ,
ಅಕ್ಟೋಬರ್ ೩೦

ಮಾನ್ಯ ಮೇಷ್ಟ್ರು ಜನೋಬಿಯವರಿಗೆ,

ಸೋದರಿ ಪೆರ್ಪೆತುವಾ ತಮಗೆ ಬರೆಯುವುದಿಲ್ಲವಂತೆ. ಆದ್ದರಿಂದ ಈ ಕೆಲಸವೂ ನನ್ನ ತಲೆಗೇ ಬಂತು.

ತಮ್ಮ ಪತ್ರ ಓದಿದ ದಿನವೇ ಅವಳು ಬಟ್ಟೆಯನ್ನೆಲ್ಲ ಒಡೆದು ಹಾಕಿದಳು. ಬ್ರೆಡ್ಡುಗಳನ್ನು ಮಾತ್ರ ಬಿಟ್ಟಿದ್ದಾಳೆ, ಅವುಗಳ ಮುಂದೆ ತೆಕ್ಲಾ ಕೈ ಚಾಚಿ ನಿಂತಿದ್ದಳು. ಈಗ ಗಾಳಿಯಲ್ಲಿ ತೇಲುವ ಬ್ರೆಡ್ಡುಗಳ ಕೆಳಗೆ ನಾವು ಊಟ ಮಾಡುತ್ತಿದ್ದೇವೆ. ಗಾರೆಯವನೊಬ್ಬನನ್ನು ಕರೆಸಿದೆವು. ಬಂದವನು ಭೇಟಿ ಕಿಟಕಿಯ ಜಾಲರಿಯ ಆಚೆ ನಿಂತು, "ಹೆಂಗಸು ತೋರಿಸಿದ ಕಡೆ ಗಾರೆ ಹಾಕೋಕೆ ನಾನೇನು ಕೂಲಿಯವನಾ? ಮೇಷ್ಟ್ರು ಯಾರು, ಅವರನ್ನು ಕರೀರಿ" ಎಂದ. ಇನ್ನೊಬ್ಬನೂ ಅದೇ ರಾಗ. ಹಬ್ಬಕ್ಕೆ ಎರಡು ವಾರವೂ ಉಳಿದಿಲ್ಲ.

ತಮ್ಮ ತಿಳಿವಳಿಕೆಗೆ ಕಟ್ಟಳೆಯ ಮಾತೊಂದನ್ನು ತಿಳಿಸುತ್ತೇನೆ. ಒಳಗೆ ಬರಲು ಚಿತ್ರಕಾರನಿಗೆ ಅಪ್ಪಣೆಯಿಲ್ಲ. ಸನ್ಯಾಸಿನಿಯ ತಂದೆಗೆ ಜಾಲರಿಯವರೆಗೆ ಮಾತ್ರ. ವೈದ್ಯ, ಬಡಗಿ, ಗಾರೆಯವನು ಬರಬಹುದು, ಹಿರಿಯಮ್ಮನ ಮಾತೇ ಸಾಕು. ಗಾರೆಯವನು ಯಾರ ಜೊತೆಯೂ ಮಾತಾಡಕೂಡದು, ಕೆಲಸ ಮುಗಿದ ಕೂಡಲೇ ಹೊರಗೆ ಹೋಗಬೇಕು, ಅವನ ಮುಂದೆ ನಾನೇ ಗಂಟೆ ಹಿಡಿದು ನಡೆಯುತ್ತೇನೆ. ಗಾರೆಯವನ ಹೆಸರೇನು, ಅವನಿಗೆ ಮಕ್ಕಳೆಷ್ಟು ಎಂದು ಕಟ್ಟಳೆಯಲ್ಲಿ ಎಲ್ಲೂ ಕೇಳಿಲ್ಲ.

ಇದಕ್ಕಿಂತ ಬಿಡಿಸಿ ಹೇಳಲು ನನ್ನಿಂದಾಗದು. ತಮಗೆ ಇಷ್ಟಾದರೂ ಅರ್ಥವಾಗುತ್ತದೆ ಎಂದುಕೊಂಡಿದ್ದೇನೆ.

ಬಾಗಿಲ ಸೋದರಿ ಒರ್ಸೊಲಾ


ಪಿಸ್ತೋಯಾ,
ನವೆಂಬರ್ ೧೩

ಅಪ್ಪನಿಗೆ,

ಪ್ರತಿನಿಧಿಗಳು ಬಂದರು. ತುಪ್ಪಳದ ಅಂಗಿ, ಶೀತ, ಒಂದೇ ಸಮನೆ ಸೀನು. ಗೋಡೆಯ ಮುಂದೆ ನಿಂತರು. ಪೇತ್ರನನ್ನು ನೋಡಿದರು, ತೆಕ್ಲಾಳನ್ನು ನೋಡಿದರು, ಮತ್ತೆ ಪೇತ್ರನನ್ನು ನೋಡಿದರು. "ಹೆಂಗಸರು ಬರೆದದ್ದಾ? ಹೂಂ. ಬಟ್ಟೆ ಚೆನ್ನಾಗಿ ಒಗೆದಿದೆ" ಎಂದರು. ಆಮೇಲೆ ಊಟ ಎಷ್ಟು ಹೊತ್ತಿಗೆ ಎಂದು ಕೇಳಿದರು. ಅಷ್ಟೇ. ಇಡೀ ಗೋಡೆ ನನ್ನದಾಯಿತು. ಏಳು ತಿಂಗಳು ನಾನು ಹೆದರಿದ್ದು ಈ ಸೀನಿಗೆ!

ಈಗ ನಿಮ್ಮ ಮಾತು. ಮೊದಲ ದಿನ ಒರ್ಸೊಲಾಳ ಗಂಟೆ ಕೇಳಿಸಿದಾಗ ಯಾರೋ ಊರಿನವನು ಎಂದುಕೊಂಡು ಮುಸುಕು ಎಳೆದು ಮೂಲೆಗೆ ನಿಂತೆ. ಗೋಣಿ ಹೊದ್ದು, ಟೋಪಿ ಮೂಗಿನವರೆಗೆ ಎಳೆದುಕೊಂಡು ಒಬ್ಬ ಕುಂಟುತ್ತ ಬಂದ. ಕರಣೆಯನ್ನು ಬಕೆಟ್ಟಿನ ಅಂಚಿಗೆ ಎರಡು ಸಲ ತಟ್ಟಿ ಗಾರೆ ಉದುರಿಸಿದ. ಆ ಸದ್ದನ್ನು ನಾನು ತೊಟ್ಟಿಲಿನಲ್ಲೇ ಕೇಳಿದ್ದೇನೆ. ಕಿರುಚಿಬಿಡಬೇಕು ಅನ್ನಿಸಿತು. ಕಿರುಚಿದರೆ ನಿಮ್ಮನ್ನು ಹೊರಗೆ ಹಾಕುತ್ತಿದ್ದರು, ಆದ್ದರಿಂದ ಸುಮ್ಮನಿದ್ದೆ.

ನೀವು ಪೇತ್ರನ ಎದುರು ಬಹಳ ಹೊತ್ತು ನಿಂತಿರಿ. ಕರಣೆಯ ತುದಿಯಿಂದ ಅವನ ಹೆಬ್ಬೆರಳನ್ನು ತೋರಿಸಿದಿರಿ. ನಾನು ತಲೆ ಅಲ್ಲಾಡಿಸಿದೆ. ಮತ್ತೆ ತೋರಿಸಿದಿರಿ. ಒರ್ಸೊಲಾ ಗಂಟೆ ಅಲ್ಲಾಡಿಸಿದಳು. ಆಮೇಲೆ ಕೆಲಸಕ್ಕೆ ಕೈ ಹಾಕಿ, ನೀವು ಎಷ್ಟು ಗಾರೆ ಬಳಿದು ಹೋದಿರಿ? ಒಂದು ತಟ್ಟೆಯಗಲ! ಹೊಸದಾಗಿ ಸೇರಿದ ಹುಡುಗನಿಗೆ ಹಾಕಿಕೊಡುವಷ್ಟು. ಮಧ್ಯಾಹ್ನದ ಪ್ರಾರ್ಥನೆಯ ಹೊತ್ತಿಗೆ ಮುಗಿಸಿ, ಉಳಿದ ದಿನವಿಡೀ ಹಲ್ಲು ಕಚ್ಚಿಕೊಂಡು ಕುಳಿತೆ. ಇಷ್ಟು ವರ್ಷದಲ್ಲಿ ನಿಮ್ಮ ಮೇಲೆ ಬಂದ ಸಿಟ್ಟಿನಲ್ಲಿ ಅದೇ ದೊಡ್ಡದು.

ಮರುದಿನ ಬೆಳಿಗ್ಗೆ ನೀವು ಬಂದು, ಹಿಂದಿನ ದಿನದ್ದನ್ನು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ, ಅದರ ಎರಡರಷ್ಟು ಬಳಿದಿರಿ. ಮೂರನೆಯ ದಿನ ಇನ್ನೂ ಹೆಚ್ಚು. ತೆಕ್ಲಾಳ ಬ್ರೆಡ್ಡುಗಳ ಸುತ್ತ ಒಂದು ಚುಕ್ಕೆಯೂ ಅಂಟದ ಹಾಗೆ ನೀವು ಕರಣೆ ತಿರುಗಿಸಿದ್ದನ್ನು ನೋಡಿ ಅವಳು ನಿಮಗೊಂದು ಬಿಸಿ ಬ್ರೆಡ್ಡು ಕೊಡಲು ಹೋದಳು, ಒರ್ಸೊಲಾ ಬಿಡಲಿಲ್ಲ. ಆ ಬ್ರೆಡ್ಡನ್ನು ಆಮೇಲೆ ತಿರುಗುಗೂಡಿನಲ್ಲಿಟ್ಟು ಹೊರಗೆ ಕಳಿಸಿದ್ದು ಒರ್ಸೊಲಾಳೇ, ಇದು ನಿಮಗೆ ಗೊತ್ತಿರಲಿಕ್ಕಿಲ್ಲ. ಅವಳು ಇದನ್ನು ಓದುತ್ತಾಳೆ, ಓದಲಿ.

ನಾಲ್ಕನೆಯ ದಿನ ನಾನು ಬಂದು ನೋಡಿದರೆ ನೀವು ಆಗಲೇ ಹೊರಟುಹೋಗಿದ್ದಿರಿ. ಉಳಿದಿದ್ದ ಅಷ್ಟೂ ಗೋಡೆಗೆ ಗಾರೆ ಬಳಿದಿತ್ತು. ಮೇಜಿನ ಈ ಕಾಲಿನಿಂದ ಆ ಕಾಲಿನವರೆಗೆ, ಬಟ್ಟೆಯ ಇಡೀ ಇಳಿಬಿಟ್ಟ ಅಂಚು, ಎಲ್ಲ ಮಡಿಕೆ, ಎಲ್ಲ ಕಸೂತಿ. ನೀವು ನಿಮ್ಮ ಕೈಗೆ ಬಳಿಸಿಕೊಳ್ಳುವಷ್ಟು. ಏಪ್ರಿಲಿನಲ್ಲಿ ಆಗಿದ್ದರೆ ಇದೂ ನನ್ನನ್ನು ಸೋಲಿಸುವ ಉಪಾಯ ಎನ್ನುತ್ತಿದ್ದೆ. "ಅಯ್ಯೋ ಮುದುಕಪ್ಪಾ, ಸಂಜೆಯೊಳಗೆ ಇಷ್ಟನ್ನು ನಾನು ಹೇಗೆ ಮುಗಿಸಲಿ!" ಎಂದು ಗಟ್ಟಿಯಾಗಿ ಕೂಗಿಬಿಟ್ಟೆ. ಪಡಸಾಲೆಯಲ್ಲಿ ಬೆಳಗಿನ ಗಂಜಿಗೆ ಕುಳಿತವರ ಚಮಚೆಗಳು ನಿಂತವು. ಬೈದುಕೊಂಡೇ ಕುಂಚ ಎತ್ತಿಕೊಂಡೆ. ಊಟ ಮಾಡಲಿಲ್ಲ, ಪ್ರಾರ್ಥನೆಗೂ ಹೋಗಲಿಲ್ಲ, ಹಿರಿಯಮ್ಮ ಕರೆಯಲೂ ಇಲ್ಲ. ಸುಣ್ಣ ಬಿಗಿಯುವ ಮೊದಲು ಕೊನೆಯ ಮಡಿಕೆ ಮುಗಿಯಿತು. ಕೆಳಗಿಳಿದು ನೆಲದ ಮೇಲೆ ಕುಳಿತು ಜೋರಾಗಿ ಅತ್ತೆ.

ನಾನು ನಿಮ್ಮನ್ನು ಕ್ಷಮಿಸಿಲ್ಲ. ಕ್ಷಮಿಸುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ, ಆ ವಿಷಯ ತೆಗೆಯಬೇಡಿ. ಹೆಬ್ಬೆರಳನ್ನೂ ತಿದ್ದುವುದಿಲ್ಲ.

ಚಳಿ ಮುಗಿದ ಮೇಲೆ ಸ್ವಾಮಿಯ ಮುಖ ಶುರು ಮಾಡುತ್ತೇನೆ. ಗಾರೆಯವನು ಬೇಕು. ಮಾರ್ಚ್ ತಿಂಗಳಲ್ಲಿ ಬನ್ನಿ.

ನಿಮ್ಮ ಮಗಳು,
ಮರಿಯೆತ್ತಾ